ಕಾಲವನ್ನೇ ದಾಟಿದ ಕಾರು... ಸೆಲ್ಫ್ ಮಾತ್ರ ಹಿಡಿಯೋಲ್ಲ!

'ಬ್ಯಾಕ್ ಟು ದಿ ಫ್ಯೂಚರ್' ಹೀರೋ ಡಿಲೋರಿಯನ್ ಕೈಕೊಟ್ಟರೆ ಗ್ಯಾರೇಜಿನಲ್ಲಿ ಏನು ಮಾಡ್ತಾರೆ? ಪರದೆಯ ಮೇಲೆ ತೋರಿಸದ ಕಥೆ ಇಲ್ಲಿದೆ!

ನಮ್ಮ ಸಿನಿಮಾಗಳಲ್ಲಿ ಕಾರು ಯಾವಾಗ ಕೆಡುತ್ತೆ ಹೇಳಿ? ಮಳೆ ಬರುವಾಗ! ಅದೂ ರಾತ್ರಿ ಹೊತ್ತು, ಕಾಡಿನ ಮಧ್ಯೆ, ಪಾಳು ಬಂಗಲೆಯ ಎದುರಿಗೇ! ಹೀರೋ ಕೆಳಗಿಳಿದು ಬಾನೆಟ್ ಎತ್ತುತ್ತಾನೆ. ಒಂದಿಷ್ಟು ಹೊಗೆ ಬರುತ್ತೆ. ತಲೆ ಅಲ್ಲಾಡಿಸುತ್ತಾನೆ. ಅಷ್ಟೇ! ಕೆಟ್ಟಿದ್ದು ಏನು, ಬೆಳಗಾಗುವಷ್ಟರಲ್ಲಿ ಅದು ತಾನಾಗೇ ಸರಿ ಹೋಗಿದ್ದು ಹೇಗೆ ಅಂತ ಡೈರೆಕ್ಟರೂ ಹೇಳೋಲ್ಲ, ನಾವೂ ಕೇಳೋಲ್ಲ. ಹಾಡು ಶುರುವಾಗಿರುತ್ತಲ್ಲ!

ಆದರೆ 1985ರಲ್ಲಿ ಬಂದ ಒಂದು ಹಾಲಿವುಡ್ ಚಿತ್ರದ ಕ್ಲೈಮ್ಯಾಕ್ಸೇ ಕಾರು ಸ್ಟಾರ್ಟ್ ಆಗದಿರೋದರ ಮೇಲೆ ನಿಂತಿದೆ. ರಾಬರ್ಟ್ ಜೆಮೆಕಿಸ್ ನಿರ್ದೇಶಿಸಿದ 'ಬ್ಯಾಕ್ ಟು ದಿ ಫ್ಯೂಚರ್' ನೋಡಿದವರಿಗೆ ನೆನಪಿರಲೇಬೇಕು. ರಾತ್ರಿ 10 ಗಂಟೆ 4 ನಿಮಿಷಕ್ಕೆ ಊರ ಗಡಿಯಾರಕ್ಕೆ ಸಿಡಿಲು ಬಡಿಯಬೇಕು. ಅದೇ ಕ್ಷಣಕ್ಕೆ ಕಾರು ಗಂಟೆಗೆ 88 ಮೈಲಿ ವೇಗದಲ್ಲಿ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 142 ಕಿಲೋಮೀಟರ್ ವೇಗದಲ್ಲಿ ಬಂದು, ಮೇಲೆ ಕಟ್ಟಿದ ತಂತಿಗೆ ತಗುಲಬೇಕು. ಆಗ ಮಾತ್ರ ನಮ್ಮ ಮಾರ್ಟಿ 1955ರಿಂದ 1985ಕ್ಕೆ ವಾಪಸ್! ಒಂದು ಸೆಕೆಂಡ್ ಹೆಚ್ಚುಕಡಿಮೆ ಆದರೂ ಹುಡುಗ ಹಳೇ ಕಾಲದಲ್ಲೇ ಖಾಯಂ! ಅಂಥಾ ಹೊತ್ತಿನಲ್ಲಿ ಕಾರು ಆಫ್! ಮಾರ್ಟಿ ಕೀ ತಿರುಗಿಸ್ತಾನೆ... ಸೆಲ್ಫ್ ಕೊರಗುತ್ತೆ... ಎಂಜಿನ್ ಹಿಡಿಯೋಲ್ಲ. ಕೊನೆಗೆ ಹತಾಶೆಯಿಂದ ಹಣೆಯನ್ನು ಸ್ಟಿಯರಿಂಗಿಗೆ ಕುಟ್ಟಿಕೊಳ್ತಾನೆ. ಧಡ್! ಎಂಜಿನ್ ಸ್ಟಾರ್ಟ್! ಥಿಯೇಟರಿನಲ್ಲಿ ಶಿಳ್ಳೆಯೋ ಶಿಳ್ಳೆ!

ಇದೆಲ್ಲಾ ಸಿನಿಮಾ ಸುಳ್ಳು ಅಂತೀರಾ? ಡಿಲೋರಿಯನ್ ಇಟ್ಟುಕೊಂಡವರನ್ನು ಕೇಳಿದರೆ ನಗ್ತಾರೆ. ಕಾಲ ದಾಟಿದ್ದು ಸುಳ್ಳು, ಸ್ಟಾರ್ಟ್ ಆಗದೇ ಇದ್ದದ್ದು ಅಪ್ಪಟ ನಿಜ!

ಯಾರಪ್ಪಾ ಈ ಡಿಲೋರಿಯನ್?

ಜಾನ್ ಡಿಲೋರಿಯನ್ ಅಂತ ಒಬ್ಬ ಇದ್ದ. ಅಮೆರಿಕದ ಜನರಲ್ ಮೋಟಾರ್ಸ್‌ನಲ್ಲಿ ದೊಡ್ಡ ಕುರ್ಚಿಯಲ್ಲಿ ಕೂತಿದ್ದವನು. ಸಿನಿಮಾ ಹೀರೋ ಥರಾ ಗತ್ತು, ಸೂಟು ಬೂಟು, ಕೆದರಿದ ಬಿಳಿ ಕೂದಲು. ಆ ಕೆಲಸ ಬಿಟ್ಟು ತನ್ನ ಹೆಸರಿನದೇ ಸ್ಪೋರ್ಟ್ಸ್ ಕಾರು ಮಾಡ್ತೀನಿ ಅಂತ ಹೊರಟ. ಬ್ರಿಟಿಷ್ ಸರ್ಕಾರದ ದುಡ್ಡಿನಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಪಕ್ಕದ ಡನ್‌ಮರಿಯಲ್ಲಿ ಫ್ಯಾಕ್ಟರಿ ಎದ್ದಿತು. ರೂಪ ಕೊಟ್ಟವನು ಇಟಲಿಯ ಜುಜಾರೊ. ಒಳಗಿನ ಎಂಜಿನಿಯರಿಂಗ್ ಇಂಗ್ಲೆಂಡಿನ ಲೋಟಸ್ ಕಂಪನಿಯದು. ಎಂಜಿನ್ ಪೆಜೋ, ರೆನೋ, ವೋಲ್ವೋ ಮೂವರೂ ಸೇರಿ ಮಾಡಿದ 2849 ಸಿ.ಸಿ. ವಿ-6. ಅದು ಕೂತಿರೋದು ಹಿಂದುಗಡೆ. ಹಾಗಾಗಿ ಈ ಕಾರು ಕೆಟ್ಟಾಗ ಮುಂದಿನ ಬಾನೆಟ್ ಎತ್ತಿ ನಿಂತರೆ ಕಾಣೋದು ಸೂಟ್‌ಕೇಸು! ಮೈಗೆಲ್ಲಾ ಬಣ್ಣವೇ ಇಲ್ಲದ ಸ್ಟೇನ್‌ಲೆಸ್ ಸ್ಟೀಲು, ನಮ್ಮನೆ ತಟ್ಟೆ ಲೋಟದ ಜಾತಿ. ಬಾಗಿಲುಗಳೋ, ಹದ್ದು ರೆಕ್ಕೆ ಬಿಚ್ಚಿದ ಹಾಗೆ ಮೇಲಕ್ಕೆ!

12 ಸಾವಿರ ಡಾಲರಿಗೆ ಮಾರಬೇಕು ಅಂತ ಡಿಎಂಸಿ-12 ಎಂದು ಹೆಸರಿಟ್ಟರು. 1981ರಲ್ಲಿ ಅಂಗಡಿಗೆ ಬಂದಾಗ ಬೆಲೆ 25 ಸಾವಿರ ಡಾಲರ್! ಎಂಜಿನ್ ಶಕ್ತಿ 130 ಕುದುರೆ ಮಾತ್ರ, ನೋಟಕ್ಕೆ ತಕ್ಕ ಓಟವಿಲ್ಲ. ಅವಸರದಲ್ಲಿ ಕಟ್ಟಿದ ಮೊದಲ ಕಾರುಗಳನ್ನು ಅಮೆರಿಕಕ್ಕೆ ಇಳಿಸಿದ ಮೇಲೆ ಮತ್ತೆ ಬಿಚ್ಚಿ ಸರಿ ಮಾಡಬೇಕಾಯಿತು. 1982ರಲ್ಲಿ ಫ್ಯಾಕ್ಟರಿಗೆ ಬೀಗ ಬಿತ್ತು. ಅದೇ ಅಕ್ಟೋಬರಿನಲ್ಲಿ ಯಜಮಾನ ಕೊಕೇನ್ ಕೇಸಿನಲ್ಲಿ ಅರೆಸ್ಟ್! 1984ರಲ್ಲಿ ಕೋರ್ಟು ನಿರ್ದೋಷಿ ಅಂತ ಬಿಟ್ಟಿತು, ಆದರೆ ಅಷ್ಟೊತ್ತಿಗೆ ಕಂಪನಿ ಮಣ್ಣಾಗಿತ್ತು. ಬಾಡಿ ಒತ್ತುವ ಅಚ್ಚುಗಳನ್ನು ಗಾಲ್ವೇ ಕಡಲಲ್ಲಿ ಮೀನು ಸಾಕುವ ಬಲೆಗಳಿಗೆ ಲಂಗರಾಗಿ ಮುಳುಗಿಸಿದರು ಅಂದರೆ ನೀವೇ ಊಹಿಸಿ.

ಒಟ್ಟು ತಯಾರಾದದ್ದು ಸುಮಾರು 9 ಸಾವಿರ ಕಾರು. ಕಂಪನಿ ಇಲ್ಲ, ಶೋರೂಮಿಲ್ಲ, ಗ್ಯಾರಂಟಿ ಇಲ್ಲ. ಹೀಗೆ ಅನಾಥವಾದ ಕಾರನ್ನು ಸಿನಿಮಾ ಬಂದು ಮೂರು ಲೋಕಕ್ಕೂ ಸ್ಟಾರ್ ಮಾಡಿತು! ಆದರೆ ಸ್ಟಾರ್ ಆದ ಮಾತ್ರಕ್ಕೆ ಸ್ಟಾರ್ಟ್ ಆಗಬೇಕಲ್ಲ? ಅದಕ್ಕೆ ಬೇಕಾದದ್ದು ಕೈಯಲ್ಲಿ ಮೀಟರ್ ಹಿಡಿದ, ತಲೆಯಲ್ಲಿ ಲೆಕ್ಕ ಇಟ್ಟುಕೊಂಡ ಒಬ್ಬ ಮೇಸ್ತ್ರಿ.

ಸೆಲ್ಫ್ ತಿರುಗುತ್ತೆ, ಎಂಜಿನ್ ಹಿಡಿಯೋಲ್ಲ!

ಕೀ ತಿರುಗಿಸಿದಾಗ ಕಿವಿಗೊಟ್ಟು ಕೇಳಿ. ಬರೀ 'ಟಕ್' ಅಂತ ಸದ್ದಾಗಿ ಸುಮ್ಮನಾದರೆ ತಪ್ಪು ಬ್ಯಾಟರಿಯದು, ಟರ್ಮಿನಲ್ಲಿನದು, ಅರ್ಥಿಂಗಿನದು, ಇಲ್ಲಾ ಸೆಲ್ಫ್ ಮೋಟಾರಿನದು. ನಮ್ಮ ಅಂಬಾಸಿಡರ್ ಡ್ರೈವರುಗಳು ಸ್ಪ್ಯಾನರಿನಿಂದ ಸೆಲ್ಫ್ ಮೋಟಾರಿಗೆ ಎರಡು ಬಾರಿಸುತ್ತಿದ್ದದ್ದು ಇಂಥಾ ಹೊತ್ತಿಗೇ. ಆದರೆ ಸೆಲ್ಫ್ ಗರಗರ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಬ್ಯಾಟರಿಯನ್ನು ಬೈಯೋದು ಬಿಡಿ. ಒಂದೋ ಪೆಟ್ರೋಲ್ ಹೋಗ್ತಿಲ್ಲ, ಇಲ್ಲಾ ಕಿಡಿ ಹಾರ್ತಿಲ್ಲ. ಮಾರ್ಟಿಯ ಕಾರಿಗೆ ಬಂದಿದ್ದ ರೋಗ ಈ ಎರಡನೇ ಜಾತಿಯದು.

ಮೊದಲು ಪೆಟ್ರೋಲ್. ಡಿಲೋರಿಯನ್ನಿನ ಟ್ಯಾಂಕ್ ಮುಂದಿದೆ, ಪಂಪ್ ಆ ಟ್ಯಾಂಕಿನ ಒಳಗೇ ಮುಳುಗಿದೆ. ಒಬ್ಬ ಸೆಲ್ಫ್ ಹೊಡೆಯಲಿ, ಇನ್ನೊಬ್ಬ ಮುಂದಿನ ಡಿಕ್ಕಿಯ ಹತ್ರ ಕಿವಿ ಇಡಲಿ. 'ಗುಂಯ್' ಅಂತ ಸದ್ದು ಬರಬೇಕು. ಬರಲಿಲ್ಲವಾ? ಫ್ಯೂಸ್ ನೋಡಿ. ಆಮೇಲೆ ಡ್ಯಾಶ್‌ಬೋರ್ಡಿನ ಕೆಳಗಿರುವ ಇನರ್ಷಿಯಾ ಸ್ವಿಚ್. ಕಾರು ಎಲ್ಲಾದರೂ ಗುದ್ದಿದರೆ ಬೆಂಕಿ ಹತ್ತದಿರಲಿ ಅಂತ ಪಂಪ್ ನಿಲ್ಲಿಸೋದು ಅದರ ಕೆಲಸ. ದೊಡ್ಡ ಗುಂಡಿಗೆ ಇಳಿದರೂ ಒಮ್ಮೊಮ್ಮೆ 'ಅಯ್ಯೋ ಆಕ್ಸಿಡೆಂಟ್!' ಅಂತ ತಿಳಿದು ಕಟ್ ಆಗಿಬಿಡುತ್ತೆ. ಅದರ ತಲೆ ಮೇಲಿನ ಬಟನ್ ಒತ್ತಿದರೆ ಸರಿ. ನಮ್ಮ ರಸ್ತೆಗಳಲ್ಲಿ ಈ ಕಾರು ಓಡಿದ್ದರೆ ಒಂದು ಕೈ ಅಲ್ಲೇ ಇಟ್ಟುಕೊಂಡು ಡ್ರೈವ್ ಮಾಡಬೇಕಾಗ್ತಿತ್ತು!

ಅದೂ ಸರಿಯಿದ್ದರೆ ಅಸಲು ವಿಲನ್ ಕಡೆ ಬನ್ನಿ. ಅವನ ಹೆಸರು ಆರ್‌ಪಿಎಂ ರಿಲೇ. ಎಂಜಿನ್ ತಿರುಗ್ತಿದೆ ಅಂತ ಇಗ್ನಿಷನ್ನಿನಿಂದ ಮಿಡಿತ ಬಂದರೆ ಮಾತ್ರ ಇವನು ಪಂಪಿಗೆ ಕರೆಂಟ್ ಬಿಡ್ತಾನೆ. ಹಳೇ ಕಾರುಗಳಲ್ಲಿ ಇವನ ಒಳಗಿನ ಬೆಸುಗೆ ಬಿರುಕು ಬಿಟ್ಟು, ಬೇಕಾದಾಗ ಕೆಲಸ ಮಾಡ್ತಾನೆ, ಬೇಡವಾದಾಗ ಇಲ್ಲ. ಪರೀಕ್ಷೆ ಸುಲಭ. ರಿಲೇ ಕಿತ್ತು, ಪಂಪಿಗೆ ಕರೆಂಟ್ ಕೊಡುವ ಎರಡು ತೂತುಗಳಿಗೆ ಒಂದು ತುಂಡು ವೈರ್ ಸೇರಿಸಿ, ಕೀ ಆನ್ ಮಾಡಿ. ಪಂಪ್ ಗುಂಯ್‌ಗುಟ್ಟಿದರೆ ಪಂಪ್ ನಿರ್ದೋಷಿ!

ಇಲ್ಲೇ ಗೆಳೆಯರೇ, ಬಹಳ ಮೇಸ್ತ್ರಿಗಳು ಎಡವೋದು. ಪಂಪ್ ಸರಿಯಿದೆ, ಹಾಗಾದರೆ ರಿಲೇ ಹೋಗಿದೆ ಅಂತ ಹೊಸ ರಿಲೇ ತರಿಸ್ತಾರೆ. ಕಾರು ಆಗಲೂ ಏಳೋಲ್ಲ! ಯಾಕೆ? ರಿಲೇಗೆ ಮಿಡಿತ ಕಳಿಸಬೇಕಾದ ಇಗ್ನಿಷನ್ನೇ ಸತ್ತಿದ್ದರೆ ರಿಲೇ ಪಾಪ ಏನು ಮಾಡೀತು? ಅದಕ್ಕೇ ಸೆಲ್ಫ್ ಹೊಡೆಯುವಾಗ ಟ್ಯಾಕೋಮೀಟರ್ ಮುಳ್ಳನ್ನು ನೋಡಬೇಕು. ಮುಳ್ಳು ಕೊಂಚವಾದರೂ ಮಿಸುಕಿದರೆ ಮಿಡಿತ ಬರ್ತಿದೆ, ಸಂಶಯ ರಿಲೇ ಮೇಲೆ. ಮುಳ್ಳು ಸೊನ್ನೆಯಲ್ಲೇ ಸತ್ತು ಬಿದ್ದಿದ್ದರೆ ಕಾಯಿಲು, ಅದರ ರೆಸಿಸ್ಟರು, ಇಗ್ನಿಷನ್ ಪೆಟ್ಟಿಗೆ, ಅವುಗಳ ವೈರು ನೋಡಬೇಕು. ಒಂದು ನೋಟಕ್ಕೆ ಅರ್ಧ ದಿನದ ಕೆಲಸ ಉಳೀತು! ಪ್ಲಗ್ ವೈರನ್ನು ಬರಿಗೈಯಲ್ಲಿ ಹಿಡಿದು ಕಿಡಿ ನೋಡೋ ಧೈರ್ಯ ಮಾತ್ರ ಬೇಡ. ಎಲೆಕ್ಟ್ರಾನಿಕ್ ಇಗ್ನಿಷನ್ ಹೊಡೆದರೆ ಮಾರ್ಟಿಗಿಂತ ಮೊದಲು ನೀವೇ 1955 ಸೇರ್ತೀರಿ!

ಇನ್ನೊಂದು ಮಾತು. ರಿಲೇ ಜಾಗದಲ್ಲಿ ಹಾಕಿದ ತುಂಡು ವೈರ್ ಪರೀಕ್ಷೆಗಷ್ಟೇ. ಅದನ್ನೇ ಬಿಟ್ಟು ಓಡಿಸಿದರೆ ಎಂಜಿನ್ ನಿಂತರೂ ಪಂಪ್ ನಿಲ್ಲೋಲ್ಲ, ಎಲ್ಲೋ ಪೈಪ್ ಒಡೆದಿದ್ದರೆ ಪೆಟ್ರೋಲ್ ಸುರೀತಾನೇ ಇರುತ್ತೆ.

ಬಿಸಿಯಾದರೆ ಮುನಿಸು

ಮಾರ್ಟಿ 1955ಕ್ಕೆ ಬಂದಿಳಿದ ಮೊದಲ ದಿನವೂ ಕಾರು ಕೈಕೊಡುತ್ತೆ, ಅದನ್ನು ಜಾಹೀರಾತು ಫಲಕದ ಹಿಂದೆ ಬಚ್ಚಿಡ್ತಾನೆ ನೆನಪಿದೆಯಾ? ಬೆನ್ನಟ್ಟಿದವರಿಂದ ತಪ್ಪಿಸಿಕೊಂಡು ಬೆಂಕಿ ಹಾರುವ ಹಾಗೆ ಓಡಿಸಿದ್ದ, ಎಂಜಿನ್ ಕಾದ ಕಾವಲಿ. ಆ ಸೀನು ನೋಡಿದ ಮೇಸ್ತ್ರಿಯ ಬಾಯಲ್ಲಿ ಬರೋ ಮೊದಲ ಮಾತು 'ಅಕ್ಯುಮುಲೇಟರ್'.

ಈ ಕಾರಿಗೆ ಕಾರ್ಬ್ಯುರೇಟರ್ ಇಲ್ಲ. ಇರೋದು ಬಾಷ್ ಕಂಪನಿಯ ಕೆ-ಜೆಟ್ರಾನಿಕ್ ಇಂಜೆಕ್ಷನ್. ಬಾಷ್ ಅಂದರೆ ಬೇರೆ ಯಾರೂ ಅಲ್ಲ, ನಮ್ಮ ಆಡುಗೋಡಿಯ ಮೈಕೋದ ಮೂಲ ಮನೆ. 2008ರಲ್ಲಿ ಮೈಕೋ ಹೆಸರೇ ಬಾಷ್ ಆಯಿತಲ್ಲ, ಅದೇ. ಬೆಂಗಳೂರಿನಲ್ಲಿ ಪ್ಲಗ್ಗು, ಡೀಸೆಲ್ ಪಂಪು ಮಾಡ್ತಿದ್ದ ಕಾಲಕ್ಕೆ ಜರ್ಮನಿಯಲ್ಲಿ ಪೆಟ್ರೋಲ್ ಕಾರುಗಳಿಗೆ ಈ ಏರ್ಪಾಡು ಮಾಡಿದ್ದರು. ಪೋರ್ಷೆ, ಮರ್ಸಿಡಿಸ್, ವೋಲ್ವೋ ಎಲ್ಲಕ್ಕೂ ಇದೇ. ಪೈಪಿನೊಳಗೆ ಒತ್ತಡ ಸುಮಾರು 5 ಬಾರ್, ಅಂದರೆ ಟೈರಿಗೆ ಹಾಕೋ ಗಾಳಿಯ ಎರಡು ಪಟ್ಟಿಗೂ ಹೆಚ್ಚು! ಯೂನಿಯನ್ ಸಡಿಲಿಸುವಾಗ ಬಟ್ಟೆ ಸುತ್ತಿರಬೇಕು, ಹತ್ತು ಮಾರು ದೂರದಲ್ಲೂ ಬೀಡಿ ಇರಬಾರದು.

ಎಂಜಿನ್ ಆಫ್ ಮಾಡಿದ ಮೇಲೂ ಈ ಒತ್ತಡ ಸ್ವಲ್ಪ ಹೊತ್ತು ಉಳಿಯಬೇಕು. ಉಳಿಸೋದು ಅಕ್ಯುಮುಲೇಟರ್. ಸ್ಪ್ರಿಂಗು ಮತ್ತು ಒಂದು ಪೊರೆ ಇರೋ ಸಣ್ಣ ಡಬ್ಬಿ. ಪೊರೆ ಹರಿದರೆ ಒತ್ತಡ ಇಳಿದು, ಎಂಜಿನ್ನಿನ ಶಾಖಕ್ಕೆ ಪೈಪಿನಲ್ಲಿದ್ದ ಪೆಟ್ರೋಲ್ ಆವಿಯಾಗುತ್ತೆ. ಬೆಳಿಗ್ಗೆ ತಣ್ಣಗಿದ್ದಾಗ ಒಂದೇ ಏಟಿಗೆ ಸ್ಟಾರ್ಟ್, ಓಡಿಸಿ ಬಂದು ಕಾಫಿ ಕುಡಿದು ಅರ್ಧ ಗಂಟೆ ಬಿಟ್ಟು ಹೊರಟರೆ ಮುನಿಸು, ಇನ್ನೂ ಎರಡು ಗಂಟೆ ಬಿಟ್ಟರೆ ಮತ್ತೆ ಸಲೀಸು! ಹೀಗಾದರೆ ಡಬ್ಬಿಯನ್ನೇ ಮೊದಲು ನೋಡಬೇಕು, ಆಮೇಲೆ ಪಂಪಿನ ಚೆಕ್ ವಾಲ್ವು, ಕೊನೆಗೆ ತೊಟ್ಟಿಕ್ಕುವ ಇಂಜೆಕ್ಟರು. ಪ್ರೆಷರ್ ಗೇಜ್ ಹಾಕಿ ನೋಡದೆ ಬಾಯಿಗೆ ಬಂದ ಪಾರ್ಟ್ ಬದಲಾಯಿಸುವವನು ನಿಮ್ಮ ಜೇಬು ಖಾಲಿ ಮಾಡ್ತಾನೆ, ರೋಗ ಹಾಗೇ ಇರುತ್ತೆ. ಬೆಂಗಳೂರೇ ಆಗಲಿ, ಲಾಸ್ ಏಂಜಲಿಸೇ ಆಗಲಿ, ಈ ಜಾತಿಯ ಗ್ಯಾರೇಜಿಗೆ ಬರವಿಲ್ಲ.

ಹಣೆ ಕುಟ್ಟಿದ್ದು ಸರಿಯೇ?

ಆಯ್ತು, ಕ್ಲೈಮ್ಯಾಕ್ಸಿಗೆ ಬರೋಣ. ತಲೆ ಕುಟ್ಟಿಕೊಂಡರೆ ಕಾರು ಸ್ಟಾರ್ಟ್ ಆಗೋದು ಸಾಧ್ಯವಾ? ಸಾಧ್ಯ ಸ್ವಾಮಿ! ಬಿರುಕು ಬಿಟ್ಟ ಬೆಸುಗೆ, ಸಡಿಲವಾದ ರಿಲೇ, ಕಿಲುಬು ಹಿಡಿದ ಅರ್ಥಿಂಗ್ ತುದಿ, ಯಾವುದೇ ಆದರೂ ಒಂದು ಅದುರಿಗೆ ಮತ್ತೆ ಕೂಡಿಕೊಳ್ಳಬಹುದು. ಮನೆ ರೇಡಿಯೋಗೆ ಬಡಿದು ಹಾಡು ಕೇಳಿದವರು ನಾವು, ನಮಗೆ ಇದನ್ನು ಹೇಳಿಕೊಡಬೇಕಾ? ಆದರೆ ಮಾರ್ಟಿ ಕುಟ್ಟಿದ ಜಾಗ ಮಾತ್ರ ತಪ್ಪು. ಈ ಕಾರಿನ ಫ್ಯೂಸು, ರಿಲೇ ಎಲ್ಲಾ ಇರೋದು ಡ್ರೈವರ್ ಸೀಟಿನ ಬೆನ್ನ ಹಿಂದಿನ ಗೂಡಿನಲ್ಲಿ. ಹಣೆ ಬದಲು ತಲೆಯ ಹಿಂಭಾಗ ಕುಟ್ಟಿಕೊಂಡಿದ್ದರೆ ಇನ್ನೂ ಬೇಗ ಸ್ಟಾರ್ಟ್ ಆಗ್ತಿತ್ತೇನೋ!

ತಮಾಷೆ ಬಿಡಿ. ಬಡಿದಾಗ ಸರಿಹೋದದ್ದು ಬಡಿಯದೆಯೂ ಕೆಡುತ್ತೆ. ಗೂಡು ತೆಗೆದು ಒಂದೊಂದೇ ರಿಲೇ ಕಿತ್ತು, ಕಾಲುಗಳನ್ನು ಉಜ್ಜಿ, ಬಿಗಿಯಾಗಿ ಕೂರಿಸಬೇಕು. ಅರ್ಥಿಂಗ್ ವೈರುಗಳ ಬೋಲ್ಟ್ ಬಿಚ್ಚಿ ಲೋಹ ಹೊಳೆಯುವ ತನಕ ಕೆರೆಯಬೇಕು. ಹಳೇ ಕಾರಿನ ಎಲೆಕ್ಟ್ರಿಕಲ್ ಕಾಯಿಲೆಗಳಲ್ಲಿ ಅರ್ಧಕ್ಕರ್ಧ ಇಷ್ಟಕ್ಕೇ ವಾಸಿಯಾಗುತ್ತೆ ಅನ್ನೋದು ನನ್ನ ನಂಬಿಕೆ. ಸಾಮಗ್ರಿ ಖರ್ಚು? ಒಂದು ಮರಳು ಕಾಗದ!

ಡೈನಮೋ ಸಾಲದ ಕಾರು

ಸಿನಿಮಾದಲ್ಲಿ ಕಾಲ ದಾಟೋಕೆ 1.21 ಗಿಗಾವಾಟ್ ಕರೆಂಟ್ ಬೇಕು, ಅಂದರೆ 121 ಕೋಟಿ ವಾಟ್! ನಿಜವಾದ ಕಾರಿಗೆ ತನ್ನ ಲೈಟಿಗೇ ಕರೆಂಟ್ ಸಾಲ್ತಿರಲಿಲ್ಲ. ಮೊದಮೊದಲ ಕಾರುಗಳಿಗೆ ಹಾಕಿದ್ದು ಡುಸೆಲಿಯೇ ಅನ್ನೋ ಫ್ರೆಂಚ್ ಆಲ್ಟರ್ನೇಟರ್, 75 ಆಂಪಿಯರ್. ರಾತ್ರಿ ಹೊತ್ತು ಹೆಡ್‌ಲೈಟ್, ಏರ್ ಕಂಡೀಷನ್, ರೇಡಿಯೇಟರಿನ ಎರಡು ಎಲೆಕ್ಟ್ರಿಕ್ ಫ್ಯಾನ್ ಎಲ್ಲಾ ಒಟ್ಟಿಗೆ ಓಡಿದರೆ ಅದರ ಉಸಿರು ಕಟ್ಟುತ್ತಿತ್ತು. ಕೊರತೆಯನ್ನು ಬ್ಯಾಟರಿ ತುಂಬಿ ತುಂಬಿ ಕೊನೆಗೆ ತಾನೇ ಸಾಯುತ್ತಿತ್ತು. ಆಮೇಲೆ ಕಂಪನಿಯೇ 90 ಆಂಪಿಯರಿನ ಮೋಟೊರೊಲಾ ಹಾಕಿತು.

ಪರೀಕ್ಷೆ ಯಾವ ಕಾರಿಗಾದರೂ ಒಂದೇ. ಎಂಜಿನ್ ಆಫ್ ಇದ್ದಾಗ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸ್ಟಾರ್ಟ್ ಮಾಡಿ, ವೇಗ ಸ್ವಲ್ಪ ಏರಿಸಿದರೆ 14ರ ಆಸುಪಾಸು. ಈಗ ಲೈಟು, ಫ್ಯಾನು ಎಲ್ಲಾ ಹಾಕಿ. ಮುಳ್ಳು 13ಕ್ಕಿಂತ ಕೆಳಗೆ ಜಾರ್ತಾ ಹೋದರೆ ಬೆಲ್ಟ್ ಬಿಗಿ ನೋಡಿ, ಕನೆಕ್ಷನ್ ನೋಡಿ, ಆಮೇಲೆ ಆಲ್ಟರ್ನೇಟರ್ ಬಿಚ್ಚಿ. ಮೂರು ಬ್ಯಾಟರಿ ಬದಲಾಯಿಸಿದ ಮೇಲೆ ಬೆಲ್ಟ್ ಸಡಿಲ ಅಂತ ಗೊತ್ತಾದರೆ ಹೆಂಡತಿ ಎದುರು ಮುಖ ಹೇಗೆ ತೋರಿಸೋದು? ಅಂದ ಹಾಗೆ ಬ್ಯಾಟರಿ ಹುಡುಕಿ ಸುಸ್ತಾಗಬೇಡಿ, ಅದು ಪಕ್ಕದ ಸೀಟಿನ ಬೆನ್ನ ಹಿಂದೆ ಅಡಗಿ ಕೂತಿದೆ.

ಆ ಎರಡು ಫ್ಯಾನುಗಳ ಕಥೆ ಇನ್ನೂ ಇದೆ. ಅವು ಎಳೆಯೋ ಕರೆಂಟಿಗೆ ಸರ್ಕ್ಯೂಟ್ ಬ್ರೇಕರ್ ಕೈ ಸುಡುವಷ್ಟು ಕಾಯುತ್ತಿತ್ತು. ಫ್ಯಾನ್ ಕೆಟ್ಟರೆ ದೀಪ ಹಚ್ಚಿ ಎಚ್ಚರಿಸಲಿ ಅಂತ 'ಫ್ಯಾನ್ ಫೇಲ್' ಅನ್ನೋ ಡಬ್ಬಿ ಇಟ್ಟಿದ್ದರು. ಕೆಡುತ್ತಿದ್ದದ್ದು, ಕರಗುತ್ತಿದ್ದದ್ದು ಆ ಡಬ್ಬಿಯೇ! ಮಾಲೀಕರು ಅದನ್ನು ಕಿತ್ತೆಸೆದು ದಪ್ಪ ವೈರಿನಿಂದ ನೇರ ಸೇರಿಸಿಬಿಡ್ತಾರೆ.

ಎಂಜಿನ್ ಹಿಂದೆ, ರೇಡಿಯೇಟರ್ ಮುಂದೆ. ನಡುವೆ ಉದ್ದಕ್ಕೂ ನೀರಿನ ಪೈಪು. ನೀರು ಬದಲಾಯಿಸಿದ ಮೇಲೆ ಎಲ್ಲೋ ಗಾಳಿ ಸಿಕ್ಕಿಕೊಂಡಿತು ಅಂದರೆ ಗೇಜಿನ ಮುಳ್ಳು ಮೇಲೇರುತ್ತೆ, ಹೀಟರಿನಲ್ಲಿ ಮಾತ್ರ ತಣ್ಣನೆ ಗಾಳಿ! ಅದೇ ಗುರುತು. ಥರ್ಮೋಸ್ಟಾಟ್ ಹತ್ರದ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ನೀರಷ್ಟೇ ಬರುವ ತನಕ ಗಾಳಿ ಬಿಡಬೇಕು. ಎಂಜಿನ್ ಕಾದಿರುವಾಗ ಮುಚ್ಚಳ ತೆಗೆಯೋದು ಬೇಡ.

88 ಮೈಲಿ ತೋರಿಸದ ಮೀಟರ್!

ಅಸಲಿ ಡಿಲೋರಿಯನ್ನಿನ ಸ್ಪೀಡೋಮೀಟರ್ 85 ಮೈಲಿಗೇ ಮುಗಿಯುತ್ತೆ. ಅಮೆರಿಕದಲ್ಲಿ ಆಗ ಇದ್ದ ಕಾನೂನು ಹಾಗಿತ್ತು. 88 ತೋರಿಸಬೇಕಲ್ಲ ಅಂತ ಸಿನಿಮಾದವರು ಮೀಟರಿನ ಮುಖವನ್ನೇ ಬದಲಾಯಿಸಿದರು! ಇನ್ನೂ ಮಜಾ ಅಂದರೆ, ಈ ಕಾರಿನಲ್ಲಿ ಬೇಗ ಸಾಯೋದೇ ಈ ಮೀಟರು. ಎಡಗಡೆ ಮುಂದಿನ ಚಕ್ರದ ಹತ್ರವೇ ಇರೋ 'ಆ್ಯಂಗಲ್ ಡ್ರೈವ್' ಅನ್ನೋ ಪುಟಾಣಿ ಗೇರ್ ಡಬ್ಬಿಯ ಮೂಲಕ ಚಕ್ರದ ತಿರುಗಾಟ ಕೇಬಲ್ಲಿಗೆ ದಾಟಿ ಮೀಟರಿಗೆ ಹೋಗುತ್ತೆ. ಈ ಡಬ್ಬಿ ಮುರಿದರೆ ಮುಳ್ಳು ಸೊನ್ನೆಗೆ. ಹೊಸ ಡಬ್ಬಿ ಹಾಕುವ ಮುಂಚೆ ಕೇಬಲ್ ಬಿಗಿಯಾಗಿದೆಯಾ ಅಂತ ಕೈಯಲ್ಲಿ ತಿರುಗಿಸಿ ನೋಡಬೇಕು. ಬಿಗಿಯಿದ್ದರೆ ಹೊಸದನ್ನೂ ಮುರಿಯುತ್ತೆ.

ಇನ್ನು ಆ ರೆಕ್ಕೆ ಬಾಗಿಲು! ಮೇಲೆತ್ತುವ ಭಾರವನ್ನು ಹೊರೋದು ಒಂದು ಟಾರ್ಷನ್ ಬಾರ್. ವಿಮಾನ ಮಾಡುವ ಗ್ರಮ್ಮನ್ ಕಂಪನಿ ಅದನ್ನು ದ್ರವ ನೈಟ್ರೋಜನ್ನಿನ ಚಳಿಯಲ್ಲಿ ಹದ ಮಾಡಿತ್ತು. ಜೊತೆಗೆ ಒಂದು ಗ್ಯಾಸ್ ಸ್ಟ್ರಟ್. ಬಾಗಿಲು ನಿಲ್ಲದೆ ತಲೆ ಮೇಲೆ ಬೀಳ್ತಿದ್ದರೆ ಸ್ಟ್ರಟ್ ಬದಲಾಯಿಸಿ ಸಾಕು, ಟಾರ್ಷನ್ ಬಾರಿನ ತಂಟೆಗೆ ಹೋಗಬೇಡಿ. ಅದರಲ್ಲಿ ಸುತ್ತಿಟ್ಟ ಬಲ ಬಿಟ್ಟುಕೊಂಡರೆ ಕೈಮೂಳೆ ಉಳಿಯೋಲ್ಲ. ಬೀಗದ ಎಲೆಕ್ಟ್ರಿಕ್ ಪೆಟ್ಟಿಗೆಯೂ ಕಿರಿಕ್ಕು. ಒಳಗಿನ ರಿಲೇ ಅಂಟಿಕೊಂಡು ಸೊಲೆನಾಯ್ಡ್ ಸುಟ್ಟರೆ ಬಾಗಿಲು ತೆಗೆಯೋಲ್ಲ. ಕಿಟಕಿಯಿಂದ ನುಸುಳೋಣ ಅಂದರೆ ತೆರೆಯೋ ಗಾಜು ಅಂಗೈಯಗಲ, ಟೋಲ್ ದುಡ್ಡು ಕೊಡೋಕಷ್ಟೇ!

ಪ್ರಾಣಕ್ಕೆ ಎರವಾಗುವ ಬೋಲ್ಟು

ಇಲ್ಲಿಯವರೆಗೆ ಹೇಳಿದ್ದೆಲ್ಲಾ ದಾರಿಯಲ್ಲಿ ನಿಲ್ಲಿಸುವ ರೋಗಗಳು. ಈಗ ಹೇಳೋದು ದಾರಿಯಿಂದಾಚೆ ಎಸೆಯೋದು. ಹಿಂದಿನ ಎರಡೂ ಚಕ್ರಗಳನ್ನು ಹಿಡಿದಿರುವ ಟ್ರೇಲಿಂಗ್ ಆರ್ಮಿನ ಮುಂದಿನ ತುದಿಗೆ ಒಂದೊಂದೇ ಉದ್ದನೆ ಬೋಲ್ಟು. ತುಕ್ಕು ಹಿಡಿದು, ಬಾಗಿ, ಒಂದು ದಿನ ತುಂಡಾದರೆ ಹಿಂದಿನ ಚಕ್ರ ತನ್ನಿಷ್ಟ ಬಂದ ಕಡೆ ತಿರುಗುತ್ತೆ. ಅದೂ ಹೈವೇನಲ್ಲಾದರೆ? ಹಳೇ ಡಿಲೋರಿಯನ್ ಕೊಳ್ಳುವವರಲ್ಲಿ ತಿಳಿದವರು ಎಂಜಿನ್ ಸದ್ದು ಕೇಳೋಕೂ ಮೊದಲು ಕೆಳಗೆ ಮಲಗಿ ಈ ಬೋಲ್ಟಿನ ತಲೆಗೆ ಸ್ಪ್ಯಾನರ್ ಹಾಕ್ತಾರೆ. ತಿರುಗಿಸಿದಾಗ ತಲೆ ಓಲಾಡಿದರೆ ಬೋಲ್ಟ್ ಬಾಗಿದೆ, ಆ ಬೋಲ್ಟಿನ ಮೇಲೆ ಕಾರು ಓಡಿಸಬಾರದು. ಮೇಲೆ ಸ್ಟೇನ್‌ಲೆಸ್ ಸ್ಟೀಲ್ ಫಳಫಳ ಅಂತ ಮೋಸ ಹೋಗಬೇಡಿ. ಕೆಳಗಿನ ಚಾಸಿ ಸಾದಾ ಕಬ್ಬಿಣ, ಮೇಲೊಂದು ಎಪಾಕ್ಸಿ ಲೇಪ. ಲೇಪ ಬಿರಿದ ಕಡೆಯೆಲ್ಲಾ ಒಳಗೊಳಗೇ ತುಕ್ಕು.

ಕ್ಲಚ್ ಬಗ್ಗೆ ಎರಡೇ ಮಾತು. ಪೆಡಲ್ ನೆಲಕ್ಕೆ ಹೋಗಿ ಗೇರ್ ಬೀಳದಿದ್ದರೆ ಎಣ್ಣೆ ಹೋಗುವ ಪ್ಲಾಸ್ಟಿಕ್ ಪೈಪ್ ನೋಡಿ. ಸ್ಟೀಲ್ ಹೆಣೆದ ಪೈಪ್ ಹಾಕಿಬಿಟ್ಟರೆ ಅಲ್ಲಿಗೆ ಆ ತಲೆನೋವು ಮುಗೀತು.

ಪಾರ್ಟ್ಸ್ ಎಲ್ಲಿ ಸಿಗುತ್ತೆ ಅಂತೀರಾ? ಫ್ಯಾಕ್ಟರಿ ಮುಚ್ಚಿದಾಗ ಉಳಿದಿದ್ದ ಬಿಡಿಭಾಗಗಳ ಬೆಟ್ಟವನ್ನೇ 1997ರಲ್ಲಿ ಟೆಕ್ಸಾಸಿನ ಒಂದು ಕಂಪನಿ ಕೊಂಡಿತು. ಆ ಅನಾಥ ಕಾರುಗಳು ಓಡ್ತಾ ಬಂದದ್ದು ಆ ರಾಶಿಯ ದಯೆಯಿಂದ. ಸಿನಿಮಾದಲ್ಲಿ ನಟಿಸಿದ ಮುಖ್ಯ ಕಾರನ್ನು ಅಭಿಮಾನಿಗಳೇ ಸೇರಿ ಮತ್ತೆ ಮೊದಲಿನ ಹಾಗೆ ಮಾಡಿದರು. 2016ರಲ್ಲಿ ಅದು ಲಾಸ್ ಏಂಜಲಿಸಿನ ಪೀಟರ್ಸನ್ ಮ್ಯೂಸಿಯಂ ಸೇರಿತು.

1990ರ ಮೂರನೇ ಭಾಗದಲ್ಲಂತೂ ರಿಪೇರಿಯದೇ ರಾಮಾಯಣ! 1885ಕ್ಕೆ ಹೋದ ಕಾರಿನ ಪೆಟ್ರೋಲ್ ಪೈಪ್ ಬಾಣಕ್ಕೆ ಸಿಕ್ಕಿ ಹರಿದುಹೋಗುತ್ತೆ. ಆ ಕಾಲದಲ್ಲಿ ಬಂಕ್ ಎಲ್ಲಿಂದ ಬರಬೇಕು? ಡಾಕ್ ಮಹಾಶಯ ಊರಿನ ಖಡಕ್ ವಿಸ್ಕಿಯನ್ನೇ ಟ್ಯಾಂಕಿಗೆ ಸುರೀತಾನೆ. ಢಮಾರ್! ಇಂಜೆಕ್ಷನ್ ಮ್ಯಾನಿಫೋಲ್ಡೇ ಹಾರಿಹೋಗುತ್ತೆ. ನಗಬೇಡಿ. ವಿಸ್ಕಿಯಲ್ಲಿರೋದೂ ಎಥೆನಾಲ್, ಈಗ ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಬೆರೆಸ್ತಿರೋದೂ ಎಥೆನಾಲ್. ಅದಕ್ಕೆಂದು ಮಾಡದ ಹಳೇ ರಬ್ಬರ್ ಪೈಪುಗಳು ಇದರಲ್ಲಿ ಊದಿಕೊಂಡು ಮೆತ್ತಗಾಗ್ತವೆ. ಡಿಲೋರಿಯನ್ ಮಾಲೀಕರು ಟ್ಯಾಂಕಿನೊಳಗಿನ ಪಂಪಿನ ರಬ್ಬರನ್ನೂ ಎಳೆಯುವ ಪೈಪನ್ನೂ ಒಟ್ಟಿಗೇ ಹೊಸದು ಹಾಕೋದು ಅದಕ್ಕೇ. ನಿಮ್ಮಪ್ಪನ ಕಾಲದ ಗಾಡಿ ಮನೆಯಲ್ಲಿದ್ದರೆ ಅದರ ಪೆಟ್ರೋಲ್ ಪೈಪನ್ನು ಬೆರಳಲ್ಲಿ ಒತ್ತಿ ನೋಡಿ. ಜಿಗುಟಾಗಿದ್ದರೆ, ಬಿರುಕಿದ್ದರೆ ಜೆ.ಸಿ. ರಸ್ತೆಗೆ ಹೋಗಿ ಎಥೆನಾಲ್ ತಡೆಯುವ ಪೈಪ್ ಅಂತ ಕೇಳಿಯೇ ತನ್ನಿ.

ವಿಸ್ಕಿ ಆಗಲಿಲ್ಲ, ಕುದುರೆ ಕಟ್ಟಿ ಎಳೆಸಿದರು, ಅದೂ ಆಗಲಿಲ್ಲ. ಕೊನೆಗೆ ಉಗಿಬಂಡಿ ಹಿಂದಿನಿಂದ ತಳ್ಳಿ 88 ಮುಟ್ಟಿಸಿತು. ಕಾರು 1985ಕ್ಕೆ ಬಂದು ರೈಲು ಹಳಿಯ ಮೇಲೆ ನಿಂತಿತು... ಎದುರಿಗೆ ಡೀಸೆಲ್ ಎಂಜಿನ್! ಆಮೇಲೆ ಉಳಿದದ್ದನ್ನು ನೋಡಿದರೆ ಯಾವ ಮೇಸ್ತ್ರಿಯೂ ಪೆಟ್ಟಿಗೆ ಬಿಚ್ಚೋಲ್ಲ!